ಕಾರ್ಡಿದೆ, ಹೆಸರಿದೆಯೇ?

ಸಂಘದ ಸಭೆಯಲ್ಲಿ ‘ನಿಮ್ಮ ಮನೇಲಿ ರೇಷನ್ ಕಾರ್ಡ್ ಇದೆಯಾ?’ ಎಂದರೆ ಹೆಚ್ಚಿನವರು ‘ಇದೆ ಸಿಸ್ಟರ್’ ಅಂತಾರೆ. ನಾವು ಅಲ್ಲಿಗೇ ಸುಮ್ಮನಾಗಬಾರದು. ‘ಕಾರ್ಡಲ್ಲಿ ಎಷ್ಟು ಹೆಸರಿದೆ? ಮನೇಲಿ ಉಣ್ಣೋರು ಎಷ್ಟು ಜನ?’ ಎಂದೂ ಕೇಳಬೇಕು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಯಾರೋ ಕೊಡುವ ದಾನವಲ್ಲ, ಅದು ಹಕ್ಕು. ಇದರಲ್ಲಿ ಎರಡು ಬಗೆಯ ಲೆಕ್ಕವಿದೆ.

1. ಆದ್ಯತಾ (ಬಿ.ಪಿ.ಎಲ್.) ಕಾರ್ಡ್: ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ.
2. ಅಂತ್ಯೋದಯ ಕಾರ್ಡ್: ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ.

2023ರ ಜನವರಿಯಿಂದ ಇದನ್ನು ಉಚಿತವಾಗಿ ಕೊಡುತ್ತಿದ್ದಾರೆ. ರಾಜ್ಯದ ಅನ್ನಭಾಗ್ಯದ ಹೆಚ್ಚುವರಿ ಪಾಲು ಆಗಾಗ ಬದಲಾಗಿದೆ. ಆದ್ದರಿಂದ ಈ ತಿಂಗಳು ಎಷ್ಟು ಎಂಬುದನ್ನು ಅಂಗಡಿಯ ಬೋರ್ಡಿನಲ್ಲಿ ನೋಡಿಕೊಳ್ಳಿ.

ಬಿಟ್ಟುಹೋದ ಹೆಸರು

ಬಿ.ಪಿ.ಎಲ್. ಮನೆಯೊಂದರಲ್ಲಿ ಒಂಬತ್ತು ಜನ, ಕಾರ್ಡಲ್ಲಿ ಆರೇ ಹೆಸರು ಎಂದುಕೊಳ್ಳಿ. ಹೊಸದಾಗಿ ಬಂದ ಸೊಸೆ, ಎರಡು ಮಕ್ಕಳು ಸೇರಿಲ್ಲ. ತಿಂಗಳಿಗೆ 15 ಕೆ.ಜಿ., ವರ್ಷಕ್ಕೆ 180 ಕೆ.ಜಿ. ಕೈತಪ್ಪಿತು. ‘ಅಕ್ಕಿ ಬರ್ತಾ ಇದೆಯಲ್ಲ, ಸಾಕು ಬಿಡಿ’ ಅನ್ನುವ ಮನೆಯಲ್ಲೂ ಹೀಗೆ ನಷ್ಟ ಆಗುತ್ತಿರುತ್ತದೆ. ಮಗುವಿನ ಹೆಸರು ಸೇರಿಸಲು ಜನನ ಪ್ರಮಾಣಪತ್ರ ಬೇಕು. ಸೊಸೆಗೆ ಆಧಾರ್ ಮತ್ತು ಮದುವೆಯ ದಾಖಲೆ ಬೇಕು, ತವರಿನ ಕಾರ್ಡಿನಿಂದ ಹೆಸರು ತೆಗೆಸಿರಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಅರ್ಜಿ ತೆಗೆದುಕೊಳ್ಳುವ ಅವಧಿ ಆಗಾಗ ಮಾತ್ರ ತೆರೆಯುವುದರಿಂದ ದಾಖಲೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ಸ್ವೀಕೃತಿ ಪತ್ರ ಪಡೆಯದೆ ಎದ್ದು ಬರಬೇಡಿ.

ಹಾಡಿಯಲ್ಲಿ ಬೇರೆ ಲೆಕ್ಕ

ಜೇನುಕುರುಬ ಕುಟುಂಬಗಳಿಗೆ ಅಂತ್ಯೋದಯ ಕಾರ್ಡ್ ಸಿಗಬೇಕು. ಮೂಲ ಬುಡಕಟ್ಟುಗಳ ಎಲ್ಲ ಕುಟುಂಬಗಳಿಗೂ ಇದನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ 2003ರ ಮೇ 2ರಂದೇ ಆದೇಶಿಸಿದೆ. ಇಲ್ಲಿ ಕಾನೂನಿನ 35 ಕೆ.ಜಿ. ಕುಟುಂಬಕ್ಕೆ, ತಲೆಗಲ್ಲ. ಒಂಬತ್ತು ಜನ ಒಂದೇ ಕಾರ್ಡಲ್ಲಿದ್ದರೆ ತಲೆಗೆ 4 ಕೆ.ಜಿ.ಯೂ ಬರುವುದಿಲ್ಲ. ಮದುವೆಯಾದ ಮಗ ಬೇರೆ ಗುಡಿಸಲು ಹಾಕಿ ಬೇರೆ ಒಲೆ ಹೂಡಿದ್ದರೆ ಅವನ ಕುಟುಂಬಕ್ಕೆ ಬೇರೆ ಕಾರ್ಡ್ ಕೇಳಬೇಕು. ಆ ಮನೆಯಲ್ಲಿ 18 ವರ್ಷ ದಾಟಿದ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ.

ಕೂಲಿಗೆ ಹೋದಾಗ

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗುವವರು ರೇಷನ್ ಬಿಟ್ಟು ಹೋಗಬೇಕಾಗಿಲ್ಲ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು. ಹೋಗುವಾಗ ಕಾರ್ಡಿನ ನಂಬರ್ ಬರೆದಿಟ್ಟುಕೊಳ್ಳಿ.

ಬೆರಳು ಬರದಿದ್ದರೆ

ತೋಟದ ಕೂಲಿ, ಗದ್ದೆ ಕೆಲಸ ಮಾಡಿ ಬೆರಳು ಸವೆದವರನ್ನು, ವಯಸ್ಸಾದವರನ್ನು ‘ಥಂಬ್ ಬರಲಿಲ್ಲ, ನಾಳೆ ಬನ್ನಿ’ ಎಂದು ವಾಪಸ್ ಕಳಿಸುವುದುಂಟು. ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಪಡಿತರ ನಿಲ್ಲಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ಎಲ್ಲ ರಾಜ್ಯಗಳಿಗೆ ಬರೆದಿದೆ. ಅಂಗಡಿಯಲ್ಲಿ ಇದನ್ನು ತಿಳಿಸಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಿ. ಇ-ಕೆವೈಸಿ ಮನೆಯ ಪ್ರತಿಯೊಬ್ಬರದ್ದೂ ಆಗಿದೆಯೇ ನೋಡಿ.

ದೂರು ಎಲ್ಲಿ?

ಮೊದಲು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ. ಸರಗೂರು ಮತ್ತು ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳು. ಅಲ್ಲಿಯವರು ಕೋಟೆಗೋ ಕೆ.ಆರ್. ನಗರಕ್ಕೋ ಬಸ್ಸು ಹತ್ತುವ ಮುಂಚೆ ವಿಚಾರಿಸಿ. ಸಹಾಯವಾಣಿ 1967ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ, ಆಮೇಲೆ ರಾಜ್ಯ ಆಹಾರ ಆಯೋಗಕ್ಕೆ ಬರೆಯಿರಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಬರವಣಿಗೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಓದಲು ಬಾರದವರನ್ನು ‘ಹೋಗಿ ಬನ್ನಿ’ ಎಂದು ಕಳಿಸಿದರೆ ಸಾಲದು. ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಎರಡನೇ ಸಲ ಅವರು ಹೋಗುವುದಿಲ್ಲ. ಸಂಘದ ಒಬ್ಬರು ಜೊತೆಗೆ ಹೋಗಿ.

ಮುಂದಿನ ಸಭೆಗೆ ಕೆಲಸ

* ಪ್ರತಿ ಸದಸ್ಯೆ ತನ್ನ ಕಾರ್ಡ್ ತಂದು ಹೆಸರುಗಳನ್ನು ಜೋರಾಗಿ ಓದಲಿ ಅಥವಾ ಓದಿಸಲಿ.
* ಯಾರ ಹೆಸರು ಬಿಟ್ಟುಹೋಗಿದೆ? ಯಾವ ದಾಖಲೆ ಇಲ್ಲ?
* ನಿಮ್ಮ ಬೀದಿಯಲ್ಲಿ, ಹಾಡಿಯಲ್ಲಿ ಕಾರ್ಡೇ ಇಲ್ಲದ ಮನೆ ಯಾವುದು? ಅವರ ಜೊತೆ ಯಾರು ಹೋಗುತ್ತೀರಿ, ಯಾವತ್ತು?