ಬಂಡೆಯ ಮೇಲಿನ ಮೌನ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಸುತ್ತ ಮಲೆನಾಡಿನ ಕಾಡು, ಕಾಲಡಿ ಹಾಸುಬಂಡೆ. ಕವಿಗೆ ಅದು ಸುಮ್ಮನೆ ಕೂರುವ ಜಾಗ. ಇಲ್ಲಿ ಮಾತು ಬೇಡವೆಂದು ಗೆಳೆಯರನ್ನು ಕೇಳಿಕೊಳ್ಳುವ ಕವಿತೆಯನ್ನೇ ಅವರು ಬರೆದಿದ್ದಾರೆ. ಮೈಸೂರಿನ ರಾಮಕೃಷ್ಣಾಶ್ರಮದ ಒಡನಾಟ ಆ ಧ್ಯಾನದ ರೂಢಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅವರ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ಬರೆದು ಮುಗಿಸಲು ಹಿಡಿದದ್ದು ಸುಮಾರು 9 ವರ್ಷ. ಅವಸರದ ಮನಸ್ಸಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು?

ಧ್ಯಾನದಿಂದ ಬರಬಹುದೇನೋ. ಆದರೆ ಧ್ಯಾನವೆಲ್ಲ ಒಂದೇ ಬಗೆಯದಲ್ಲ.

ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದ ಯೋಚನೆಗಳನ್ನು ತಡೆಯದೆ ಗಮನಿಸುವ ಧ್ಯಾನದ ನಂತರ ಜನರಿಗೆ ಹೊಸ ಹೊಸ ಆಲೋಚನೆಗಳು ಹೆಚ್ಚು ಹೊಳೆದವು. ಭಾಗವಹಿಸಿದವರು ಕೆಲವೇ ಮಂದಿ, ನಿಜ. ಆದರೂ ಮನೆಯಲ್ಲೇ ಮಾಡಿ ನೋಡಬಹುದಾದ ಸಂಗತಿಯಿದು.

ಕಥೆಯೋ ಚಿತ್ರವೋ ಅರ್ಧಕ್ಕೆ ನಿಂತವರು ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹತ್ತು ನಿಮಿಷ ಕೂರಲಿ. ಮೊದಲು ಉಸಿರಿನ ಕಡೆ ಗಮನ, ಆಮೇಲೆ ಬಂದದ್ದು ಬರಲಿ, ಹೋದದ್ದು ಹೋಗಲಿ. ಮೊದಮೊದಲು ತರಕಾರಿ ಲೆಕ್ಕ, ನಿನ್ನೆಯ ಜಗಳವೇ ತಲೆಯಲ್ಲಿ ಸುತ್ತುತ್ತದೆ. ಅದಕ್ಕೆ ಎದ್ದು ಹೋಗಬಾರದು. ಪಕ್ಕದಲ್ಲೊಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಕಣ್ಣು ಬಿಟ್ಟ ಕೂಡಲೇ ಹೊಳೆದದ್ದನ್ನು ಒಂದೇ ಸಾಲಿನಲ್ಲಾದರೂ ಗೀಚಿಟ್ಟರೆ ಸಂಜೆ ಕೆಲಸಕ್ಕೆ ಕೂತಾಗ ಕೈಗೆ ಸಿಗುತ್ತದೆ.