ಲೆಕ್ಕ ಕೇಳುವುದೂ ಒಂದು ಹೊಣೆ

ಸರಕಾರದ ಬೊಕ್ಕಸದಲ್ಲಿರುವ ಹಣ ಯಾರದು? ಮಂತ್ರಿಯದೇ? ಅಧಿಕಾರಿಯದೇ? ಪಂಚಾಯತ್ ಅಧ್ಯಕ್ಷರದೇ? ನಿಮ್ಮ ಮಗು ಅಂಗಡಿಯಿಂದ ಸಾಬೂನು, ಬೆಂಕಿಪೊಟ್ಟಣ ತರುವಾಗ ಕೊಡುವ ನಾಣ್ಯಗಳಲ್ಲೂ ತೆರಿಗೆಯ ಒಂದು ಪಾಲಿದೆ. ಕೂಲಿಕಾರನೂ ವಿಧವೆಯೂ ಬೀಡಿ ಕಟ್ಟುವ ತಾಯಿಯೂ ತುಂಬಿದ ಬೊಕ್ಕಸವದು. ಹೀಗಿದ್ದೂ ಆ ಹಣ ಪೋಲಾದಾಗ ನಾವು, "ಸರಕಾರದ್ದಲ್ಲವೇ, ಹೋಗಲಿ ಬಿಡಿ" ಎಂದು ಬಿಡುತ್ತೇವೆ. ಸತ್ಯವಿಶ್ವಾಸಿಯ ಬಾಯಿಂದ ಬರಬಹುದಾದ ಮಾತೇ ಇದು?

ಅಲ್ಲಾಹನು ದುಂದುವೆಚ್ಚ ಮಾಡುವವರನ್ನು ಶೈತಾನರ ಸಹೋದರರೆಂದು ಕರೆದಿದ್ದಾನೆ (ಬನೀ ಇಸ್ರಾಈಲ್: 27). ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಆಜ್ಞಾಪಿಸಿದ್ದಾನೆ (ಅನ್ನಿಸಾ: 58). ಸ್ವಂತ ಹಣವನ್ನು ಪೋಲು ಮಾಡುವುದೇ ಇಷ್ಟು ದೊಡ್ಡ ತಪ್ಪಾದರೆ, ಬಡವರ ಪಾಲನ್ನೂ ಒಳಗೊಂಡಿರುವ ಹಣವನ್ನು ಪೋಲು ಮಾಡುವುದು ಎಷ್ಟು ದೊಡ್ಡ ತಪ್ಪಾಗಿರಬೇಕು!

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಝಕಾತ್ ಸಂಗ್ರಹಿಸಲು ನೇಮಕಗೊಂಡಿದ್ದ ಇಬ್ನುಲ್ಲುತ್ಬಿಯ್ಯ ಎಂಬವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಸಿಕ್ಕಿದ್ದು ಎಂದು ಎರಡು ಪಾಲು ತೋರಿಸಿದರು. ಪ್ರವಾದಿವರ್ಯರು(ಸ) ಅದನ್ನು ಅಲ್ಲಿಗೇ ಬಿಡಲಿಲ್ಲ. ಮಿಂಬರ್ ಏರಿ ಜನರೆದುರು ಮಾತಾಡಿದರು. ಆತ ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಆತನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಗಮನಿಸಿ, ಸಾರ್ವಜನಿಕ ಹಣದ ಲೆಕ್ಕವನ್ನು ಸಾರ್ವಜನಿಕರ ಮುಂದೆಯೇ ಎತ್ತಲಾಯಿತು. ಖಲೀಫಾ ಅಬೂಬಕರ್(ರ) ಅಧಿಕಾರ ವಹಿಸಿಕೊಂಡ ಮೊದಲ ಭಾಷಣದಲ್ಲೇ, ತಾನು ಸರಿಯಾಗಿ ನಡೆದರೆ ನೆರವಾಗಿರಿ, ತಪ್ಪಿದರೆ ತಿದ್ದಿರಿ ಎಂದು ಜನರನ್ನು ಕೇಳಿಕೊಂಡರು. ಲೆಕ್ಕ ಕೇಳುವುದು ಆಳುವವರಿಗೆ ಮಾಡುವ ಅವಮಾನವಲ್ಲ. ಅದು ಅವರಿಗೆ ನೀಡುವ ನೆರವು.

ಇದೆಲ್ಲ ಖಲೀಫರ ಕಾಲಕ್ಕಾಯಿತು, ಇಂದು ಬಡವನ ಮಾತನ್ನು ಯಾರು ಕೇಳುತ್ತಾರೆ ಎನ್ನುವಿರಾ? ಹಾಗಾದರೆ ನಮ್ಮದೇ ದೇಶದ ರಾಜಸ್ಥಾನದ ಹಳ್ಳಿಗರ ಕಥೆಯನ್ನು ಕೇಳಿ.

ಕಾಗದದ ಮೇಲಿನ ಕಾಮಗಾರಿ

ಮಧ್ಯ ರಾಜಸ್ಥಾನದ ಆ ಸೀಮೆಯಲ್ಲಿ ಮಳೆ ಕಡಿಮೆ, ಬರ ಹೆಚ್ಚು. ಬರಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊತ್ತು ಜೀವಿಸುವ ಜನರಿಗೆ ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಯೂ ಕೈಗೆ ಸಿಗುತ್ತಿರಲಿಲ್ಲ. ಕೇಳಿದರೆ, ನೀವು ಮಾಡಿದ ಕೆಲಸ ಅಷ್ಟೇ, ಹಾಜರಿ ಪುಸ್ತಕದಲ್ಲಿ ಹಾಗೆಯೇ ಇದೆ ಎಂಬ ಉತ್ತರ. ಪುಸ್ತಕ ತೋರಿಸಿ ಎಂದರೆ, ಅದು ಸರಕಾರಿ ಗುಟ್ಟು! ಈ ಜನರು 1990ರ ಮೇ 1ರಂದು ಭೀಮ್ ಪಟ್ಟಣದಲ್ಲಿ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಟ ಕಟ್ಟಿದರು. ಐ.ಎ.ಎಸ್. ಹುದ್ದೆ ತೊರೆದು ಬಂದಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರೊಂದಿಗಿದ್ದರು.

1994ರ ಡಿಸೆಂಬರ್‌ನಲ್ಲಿ ಕೋಟ್‌ಕಿರಾಣಾ ಗ್ರಾಮದಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಅಹವಾಲು ಸಭೆ ನಡೆಯಿತು. ಹೇಗೋ ದೊರೆತ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ ಬರೆಯಲಾಗಿತ್ತು. ಮುಗಿದಿದೆಯೆಂದು ಬರೆದ ಕಾಮಗಾರಿ ಅರ್ಧಕ್ಕೇ ನಿಂತಿತ್ತು. ಅಕ್ಷರ ಬಾರದ ಹೆಂಗಸರೂ ಎದ್ದು ನಿಂತು ತಮಗೆ ಗೊತ್ತಿದ್ದುದನ್ನು ಹೇಳಿದರು. ಓದು ಬಾರದವರಿಗೂ ತಮ್ಮೂರಿನ ಕಟ್ಟಡಕ್ಕೆ ಛಾವಣಿ ಇದೆಯೋ ಇಲ್ಲವೋ ಎಂಬುದು ಗೊತ್ತಿರುತ್ತದಲ್ಲವೇ!

ದಾಖಲೆಗಳ ನಕಲು ಕೊಡುವುದಾಗಿ 1995ರಲ್ಲಿ ಮುಖ್ಯಮಂತ್ರಿಯವರು ವಿಧಾನಸಭೆಯಲ್ಲಿ ಭರವಸೆಯಿತ್ತರು. ಆದರೆ ಆದೇಶ ಬರಲಿಲ್ಲ. 1996ರ ಎಪ್ರಿಲ್ 6ರಿಂದ ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ 40 ದಿನ ನಡೆಯಿತು. ಹಳ್ಳಿಯವರು ಮನೆಮನೆಯಿಂದ ಧಾನ್ಯ ತಂದರು. ನಮ್ಮ ಹಣ, ನಮ್ಮ ಲೆಕ್ಕ ಎಂಬುದೇ ಅವರ ಘೋಷಣೆ. ಮುಂದಿನ ಜನಸುನವಾಯಿಗಳ ವೇಳೆ ತಪ್ಪೊಪ್ಪಿಕೊಂಡು ಹಣ ಹಿಂದಿರುಗಿಸಿದ ಸರಪಂಚರೂ ಇದ್ದರು. 2000ದಲ್ಲಿ ರಾಜಸ್ಥಾನದಲ್ಲೂ ನಮ್ಮ ಕರ್ನಾಟಕದಲ್ಲೂ ಮಾಹಿತಿ ಹಕ್ಕಿನ ಕಾನೂನುಗಳಾದವು. 2005ರಲ್ಲಿ ರಾಷ್ಟ್ರಮಟ್ಟದ ಕಾಯಿದೆ ಬಂತು. ಅದರ ಪ್ರಕಾರ ಅರ್ಜಿದಾರ ಏಕೆ ಕೇಳುತ್ತಿದ್ದೇನೆಂಬ ಕಾರಣ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಮಣ್ಣು ಹೊತ್ತ ಕೈಗಳು ಗಳಿಸಿಕೊಟ್ಟ ಹಕ್ಕಿದು.

ಅವರಿಂದ ನಾವು ಕಲಿಯಬೇಕಾದುದೇನು?

ಒಂದನೆಯದಾಗಿ, ಅವರು ವದಂತಿಯನ್ನು ಹಿಡಿದು ಕೂಗಾಡಲಿಲ್ಲ. ದಾಖಲೆ ಓದಿದರು, ಸಾಕ್ಷಿ ಕೇಳಿದರು, ಆರೋಪಕ್ಕೊಳಗಾದವರನ್ನೂ ಸಭೆಗೆ ಕರೆದರು. ಸುದ್ದಿ ಬಂದರೆ ಪರಿಶೀಲಿಸಿರಿ, ಅರಿಯದೆ ಯಾರಿಗೂ ಹಾನಿ ಮಾಡದಿರಿ ಎಂದು ಅಲ್‌ಹುಜುರಾತ್ ಅಧ್ಯಾಯ (6) ನಮಗೆ ಕಲಿಸುವುದೂ ಇದನ್ನೇ. ಸಂಶಯದಿಂದ ಒಬ್ಬನನ್ನು ಕಳ್ಳನೆನ್ನುವುದು ಪಾಪ. ಲೆಕ್ಕ ತೋರಿಸಿ ಎನ್ನುವುದು ಹಕ್ಕು. ಎರಡನೆಯದಾಗಿ, ಅವರು ಬಸ್ಸಿಗೆ ಕಲ್ಲೆಸೆಯಲಿಲ್ಲ. ದುಂದುವೆಚ್ಚವನ್ನು ವಿರೋಧಿಸುವವನೇ ಸಾರ್ವಜನಿಕ ಸೊತ್ತನ್ನು ಸುಟ್ಟರೆ, ಆತನೂ ಅದೇ ಬೊಕ್ಕಸಕ್ಕೆ ಕನ್ನ ಹಾಕಿದಂತಾಯಿತು.

ಮೂರನೆಯದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ಕಲಿಸುತ್ತಿದ್ದ ಊರಿನ ಜಮಾಅತ್ ಸಭೆಯಲ್ಲಿ ಹಮಾಲಿ ಕೆಲಸದ ಒಬ್ಬ ವೃದ್ಧರು ಎದ್ದು, "ಹಾಜಿಯವರೇ, ಮಸೀದಿಗೆ ಹೊಸ ದೀಪ ಹಾಕಿಸಲು ಎಷ್ಟು ಖರ್ಚಾಯಿತು?" ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. "ನಮ್ಮ ಮೇಲೆ ನಂಬಿಕೆಯಿಲ್ಲವೇ ನಿಮಗೆ? ಕುಳಿತುಕೊಳ್ಳಿ" ಎಂದು ಯಾರೋ ಗದರಿದರು. ವೃದ್ಧರು ಕುಳಿತರು. ಮರುದಿನ ದಾರಿಯಲ್ಲಿ ಸಿಕ್ಕಾಗ, "ಉಸ್ತಾದ್, ನಾನು ಕೇಳಿದ್ದು ತಪ್ಪೇ?" ಎಂದರು. ತಪ್ಪಲ್ಲ ಎಂದೆ. "ಹಾಗಾದರೆ ನಿನ್ನೆ ಅಲ್ಲಿ ಯಾಕೆ ಹೇಳಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳಿಗೆ ಅಬೂಬಕರ್‌ರ(ರ) ಭಾಷಣವನ್ನು ಕಲಿಸುವವನು ನಾನೇ ಆಗಿದ್ದೆ!

ಅಲ್ಲಿ ಕಳವಾಗಿತ್ತೆಂದು ನಾನು ಹೇಳುತ್ತಿಲ್ಲ. ಪ್ರಾಯಶಃ ಪ್ರತಿಯೊಂದು ರೂಪಾಯಿಯೂ ಸರಿಯಾಗಿಯೇ ಖರ್ಚಾಗಿತ್ತು. ಹಾಗಿದ್ದರೆ ಲೆಕ್ಕದ ಹಾಳೆಯನ್ನು ಮಸೀದಿಯ ಬಾಗಿಲಿಗೆ ಅಂಟಿಸಲು ಅಂಜಿಕೆಯೇಕೆ? ತನ್ನ ಮಸೀದಿಯ ಲೆಕ್ಕ ಕೇಳಲು ಹೆದರುವವನು ತಾಲೂಕು ಕಚೇರಿಯಲ್ಲಿ ಹೇಗೆ ಕೇಳಿಯಾನು? ಸಾಲ ಮಾಡಿ ಮಗಳ ಮದುವೆಗೆ ಸಾವಿರ ಜನರಿಗೆ ಊಟ ಹಾಕುವವನು ಮಂತ್ರಿಯ ದುಂದುವೆಚ್ಚವನ್ನು ಯಾವ ಬಾಯಿಯಿಂದ ಖಂಡಿಸಿಯಾನು?

ಆದುದರಿಂದ ಪ್ರಿಯ ಓದುಗರೇ, ಇದನ್ನು ಮನೆಯಿಂದಲೇ ಆರಂಭಿಸಿರಿ. ತಿಂಗಳ ಖರ್ಚನ್ನು ಪತ್ನಿ, ಮಕ್ಕಳೊಂದಿಗೆ ಕುಳಿತು ಬರೆದಿಡಿರಿ. ಜಮಾಅತಿನಲ್ಲಿ ವಿನಯದಿಂದ ಲೆಕ್ಕ ಕೇಳಿರಿ. ನೀವೇ ಹೊಣೆಗಾರರಾಗಿದ್ದರೆ ಕೇಳುವ ಮೊದಲೇ ಕೊಡಿರಿ. ನಿಮ್ಮ ಬೀದಿಯ ಚರಂಡಿಗೆ, ಮಕ್ಕಳ ಶಾಲೆಯ ಕೋಣೆಗೆ ಎಷ್ಟು ಹಣ ಬಂತೆಂದು ಗ್ರಾಮಸಭೆಗೆ ಹೋಗಿ, ನೆರೆಯ ಹಿಂದೂ, ಕ್ರೈಸ್ತ ಬಂಧುಗಳೊಂದಿಗೆ ಸೇರಿ ವಿಚಾರಿಸಿರಿ. ಚರಂಡಿಯ ನೀರು ಎಲ್ಲರ ಮನೆಗೂ ನುಗ್ಗುತ್ತದೆ.

ನಾಳೆ ನಮ್ಮೆಲ್ಲರ ಲೆಕ್ಕವನ್ನು ತೆರೆದು ಓದುವ ಒಂದು ದಿನವಿದೆ. ಅಂದು ಯಾರೂ ನಮ್ಮನ್ನು ಗದರಿ ಕುಳ್ಳಿರಿಸಿ ಪಾರು ಮಾಡಲಾರರು. ಆ ದಿನದ ಪ್ರಶ್ನೆಗಳಿಗೆ ಇಂದೇ ಸಿದ್ಧರಾಗುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.