ಊರಿನ ಹಳೆಯ ಮನೆಗೆ ಮರಳುವ ಮುನ್ನ: ಹಿರಿಯನ ಕಿವಿಮಾತು

ನಿವೃತ್ತಿ ಹತ್ತಿರವಾದ ಹಾಗೆ ಬೆಂಗಳೂರಿನಲ್ಲಿರುವ ನಮ್ಮ ತಮ್ಮಂದಿರಿಗೆ, ತಂಗಿಯರಿಗೆ ಊರಿನ ಹೆಂಚಿನ ಮನೆ ನೆನಪಾಗುತ್ತದೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಗೆ ಹೀಗೆ ಮರಳುವವರು ಈಗ ಹೆಚ್ಚಾಗುತ್ತಿದ್ದಾರೆ. ಹೆದ್ದಾರಿ ಅಗಲವಾಗಿದೆ, 2017ರಿಂದ ಕುಣಿಗಲ್ ಮೇಲೆ ಹಾಸನದ ರೈಲೂ ಓಡುತ್ತಿದೆ. ಬನ್ನಿ, ಮನಸಾರೆ ಬನ್ನಿ. ಆದರೆ ಮನೆಯನ್ನು ಅರವತ್ತರ ಉತ್ಸಾಹಕ್ಕೆ ತಕ್ಕಂತೆ ಸಿದ್ಧ ಮಾಡಬೇಡಿ, ಎಂಬತ್ತರ ಕಾಲಿಗೆ ತಕ್ಕಂತೆ ಮಾಡಿ. ಅದಕ್ಕಾಗಿ ಈ ಕೆಲವು ಮಾತು.

• ಕಾಗದ ಮೊದಲು, ಗಾರೆ ಆಮೇಲೆ. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಒಂದು ಹೆಂಚನ್ನೂ ಮುಟ್ಟಬೇಡಿ. ವಂಶವೃಕ್ಷ ಮಾಡಿಸಿ, ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರನ್ನೂ ಕೂರಿಸಿ ಮಾತನಾಡಿ. 2005ರ ಕಾಯ್ದೆ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ವಿಭಾಗ ಪತ್ರವನ್ನು ನೋಂದಾಯಿಸಿ, ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತೆ ಮಾಡಿಸಿಕೊಳ್ಳಿ. ಮನೆ ಚೆಂದವಾದ ಮೇಲೆ ಎದ್ದ ಜಗಳ ಬೇಗ ಮುಗಿಯುವುದಿಲ್ಲ.

• ಒಡೆಯುವ ಮುನ್ನ ಒಂದು ಮಳೆಗಾಲ ಇದ್ದು ನೋಡಿ. ಗುಡಿಸಿ ಸಾರಿಸಿ, ಒಂದು ಮಂಚ, ಒಂದು ಗ್ಯಾಸ್ ಒಲೆ ಇಟ್ಟುಕೊಂಡರೆ ಸಾಕು. ನೀರು ಎಲ್ಲಿ ಸೋರುತ್ತದೆ, ಅಂಗಳದಲ್ಲಿ ಎಲ್ಲಿ ನಿಲ್ಲುತ್ತದೆ, ಮಧ್ಯಾಹ್ನ ಯಾವ ಕೋಣೆ ಬೇಯುತ್ತದೆ ಎಂಬುದನ್ನು ಮನೆಯೇ ತೋರಿಸಿಕೊಡುತ್ತದೆ. ಮೇಸ್ತ್ರಿಯ ಅಂದಾಜು ಪಟ್ಟಿ ಅದಾದ ಮೇಲೆ.

• ಮರವನ್ನು ತಟ್ಟಿ ನೋಡಿ. ಕಂಬ, ತೊಲೆ, ಜಂತೆ ಒಂದನ್ನೂ ಬಿಡದೆ ಸುತ್ತಿಗೆಯ ಹಿಡಿಯಿಂದ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಗೆದ್ದಲು ತಿಂದದ್ದು ಮಂಕಾಗಿ ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಬಣ್ಣ ಹೊಳೆಯುತ್ತಿದ್ದರೂ ಒಳಗೆ ಬರೀ ಮಣ್ಣು ತುಂಬಿರಬಹುದು. ಜಂತೆಯ ತುದಿ ಗೋಡೆಯೊಳಗೆ ಕೂತಿರುವ ಜಾಗವನ್ನು ಕಡ್ಡಾಯವಾಗಿ ಬಿಡಿಸಿ ನೋಡಿಸಿ. ತೇವವೂ ಗೆದ್ದಲೂ ಮೊದಲು ಹೊಗುವುದು ಅಲ್ಲಿಗೇ.

• ಹೆಂಚು ಕೈಯಾಡಿಸುವ ಕೆಲಸ ಯುಗಾದಿಯ ಆಸುಪಾಸಿನಲ್ಲಿ ಮುಗಿಯಲಿ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಏಪ್ರಿಲ್‌ನಲ್ಲೇ ಬೀಳಬಹುದು. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸುವುದಾದರೆ ರೀಪುಗಳ ಅಂತರವನ್ನು ಹೆಂಚಿನ ಅಳತೆಗೆ ಹೊಂದಿಸಿ ಹೊಸದಾಗಿ ಹೊಡೆಸಬೇಕು. ಹೆಂಚಿನ ಮೇಲೆ ನೀವಂತೂ ಹತ್ತಬೇಡಿ. ಈ ವಯಸ್ಸಿನಲ್ಲಿ ಬಿದ್ದರೆ ಏಳುವುದು ಕಷ್ಟ.

• ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಬುಡ ಕರಗುತ್ತದೆ, ಕೆಲವು ವರ್ಷಕ್ಕೆ ಗಿಲಾವು ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ. ಮಣ್ಣು ಅಥವಾ ಸುಣ್ಣದ ಗಾರೆಯ ಗಿಲಾವು, ಮೇಲೆ ಸುಣ್ಣ, ಇಷ್ಟು ಸಾಕು. ಸೂರಿನ ನೀರು ಗೋಡೆಯ ಬುಡಕ್ಕೆ ಸಿಡಿಯದಂತೆ ಸುತ್ತ ಕಲ್ಲು ಹಾಸಿ, ಹೊರಕ್ಕೆ ಇಳಿಜಾರು ಕೊಡಿ.

• ಬಚ್ಚಲಿಗೆ ಧಾರಾಳವಾಗಿ ಖರ್ಚು ಮಾಡಿ. ಹಿತ್ತಿಲ ತುದಿಯ ಪಾಯಿಖಾನೆ ಬಿಡಿ. ಮಲಗುವ ಕೋಣೆಗೆ ಅಂಟಿದಂತೆ, ನೆಲದ ಮಟ್ಟ ಒಂದೇ ಇರುವಂತೆ ಕಟ್ಟಿಸಿ. ಕೂರುವ ಕಮೋಡ್, ಅದರ ಪಕ್ಕದ ಗೋಡೆಗೆ ಕೈಹಿಡಿ, ಜಾರದ ಒರಟು ಕಲ್ಲು, ಹೊರಕ್ಕೆ ತೆರೆಯುವ ಬಾಗಿಲು ಇರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ಆಗ ತೆರೆಯಬಹುದು. ಬಾಗಿಲಗಲ ಮೂರು ಅಡಿ ಇದ್ದರೆ ಗಾಲಿಕುರ್ಚಿಯೂ ಹೋಗುತ್ತದೆ. ತಲೆಬಾಗಿಲಿನ ಹೊಸ್ತಿಲು ಇರಲಿ, ಪೂಜೆಗೆ ಬೇಕು. ಒಳಕೋಣೆಗಳ ಎತ್ತರದ ಹೊಸ್ತಿಲು ತೆಗೆಸಿ.

• ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ತುಮಕೂರು ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆಗೂ 1.5 ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರನ್ನೂ ಹಿಡಿಯಿರಿ. 1,000 ಚದರ ಅಡಿ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಸಿಡಿದು ಹೋದದ್ದು ಕಳೆದರೂ 700 ಲೀಟರ್ ತೊಟ್ಟಿಗೆ ಬರುತ್ತದೆ. ಮೊದಲ ಮಳೆಯ ನೀರು ಮಾತ್ರ ಹೊರಗೆ ಹೋಗಲಿ.

• ಹಳೆಯ ವೈರಿಂಗ್ ಪೂರ್ತಿ ತೆಗೆಸಿ. ಹೊಸದಾಗಿ ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದ ಕ್ಷಣ ತಾನೇ ಬೀಳುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಮಂಚದಿಂದಲೇ ಕೈಗೆಟಕುವ ಸ್ವಿಚ್, ಬಚ್ಚಲ ದಾರಿಗೆ ಯುಪಿಎಸ್‌ನಿಂದ ಒಂದು ದೀಪ ಇರಲಿ.

• ಹಾವು, ಚಿರತೆಗಳ ಸೀಮೆ ಇದು, ಮರೆಯಬೇಡಿ. ಸೌದೆ, ತೆಂಗಿನ ಮಟ್ಟೆ, ಒಡೆದ ಹೆಂಚಿನ ರಾಶಿ ಗೋಡೆಗೆ ಒರಗಿರಬಾರದು. ಇಲಿ ಬಂದರೆ ಹಿಂದೆಯೇ ಹಾವು ಬರುತ್ತದೆ. ನೆಲದ ಮೇಲೆ ಮಲಗಬೇಡಿ, ಮಂಚ ಮತ್ತು ಸೊಳ್ಳೆಪರದೆ ಇರಲಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ, ನೇರ ಆಸ್ಪತ್ರೆಗೆ ಹೊರಡಿ. 2019–20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮಕ್ಕಳೂ ವೃದ್ಧರೂ ಚಿರತೆಗೆ ಬಲಿಯಾದರು. ಕತ್ತಲಾದ ಮೇಲೆ ಒಬ್ಬರೇ ತೋಟಕ್ಕೆ ಹೋಗಬೇಡಿ, ನಾಯಿಯನ್ನು ರಾತ್ರಿ ಒಳಗೆ ಕಟ್ಟಿ.

• ಆಸ್ಪತ್ರೆಯ ದಾರಿ ಮೊದಲೇ ಗೊತ್ತಿರಲಿ. ಕುಣಿಗಲ್ಲಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ದೊಡ್ಡ ಚಿಕಿತ್ಸೆಗೆ ತುಮಕೂರು, ಬೆಳ್ಳೂರಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಅಥವಾ ಬೆಂಗಳೂರು. ನಿಮ್ಮ ಮನೆಯಿಂದ ಪ್ರತಿಯೊಂದಕ್ಕೂ ಎಷ್ಟು ಹೊತ್ತು ಬೇಕೆಂದು ಒಮ್ಮೆ ಹೋಗಿಯೇ ನೋಡಿ. 108ರ ಜೊತೆಗೆ ಊರಿನ ಇಬ್ಬರು ಕಾರಿನವರ ನಂಬರನ್ನು ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸಿ.

• ಊರಿನವರಾಗಿ ಬಾಳಿ. ಸಾವಿಗೆ, ಮದುವೆಗೆ, ಹಬ್ಬಕ್ಕೆ ಕರೆದಲ್ಲಿಗೆ ಹೋಗಿ. ಆಳುಕಾಳಿನ ಕೂಲಿಯನ್ನು ಅಂದಂದೇ ಕೊಡಿ. ನಗರದ ಲೆಕ್ಕಾಚಾರ ಹೇಳಿ ಯಾರನ್ನೂ ತಿದ್ದಲು ಹೋಗಬೇಡಿ. ರಾತ್ರಿ ಎದೆನೋವು ಬಂದಾಗ ಬಾಗಿಲು ತಟ್ಟಬೇಕಾದದ್ದು ಪಕ್ಕದ ಮನೆಯನ್ನೇ.

• ಹಣವನ್ನು ಈ ಸರದಿಯಲ್ಲಿ ಬಿಚ್ಚಿ: ಸೂರು, ಬಚ್ಚಲು, ನೀರು, ಕರೆಂಟು, ಗೋಡೆ. ಕಾಂಪೌಂಡು, ಗೇಟು, ಬಣ್ಣ ಕೊನೆಗೆ. ಇಡುಗಂಟನ್ನೆಲ್ಲ ಮನೆಗೇ ಸುರಿಯಬೇಡಿ. ಹಳೆಯ ಮನೆ ಪ್ರತಿ ವರ್ಷವೂ ಖರ್ಚು ಕೇಳುತ್ತದೆ. ಬೆಂಗಳೂರಿನ ಮನೆಯನ್ನು ಮೊದಲ ಎರಡು ವರ್ಷ ಬಾಡಿಗೆಗೆ ಕೊಡಿ, ಮಾರುವ ಮಾತು ಆಮೇಲೆ.

• ಮನೆಯಾಕೆಯನ್ನು ಕೇಳದೆ ಏನನ್ನೂ ತೀರ್ಮಾನಿಸಬೇಡಿ. ನೀವು ಹುಟ್ಟಿದ ಊರು ನಿಮ್ಮದು. ಆಕೆಗೆ ಅದು ಸೇರಿದ ಊರು. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ, ನಲ್ಲಿ ಎಲ್ಲಿ, ಕಿಟಕಿ ಎಲ್ಲಿ ಎಂಬುದು ಆಕೆಯ ಮಾತಿನಂತೆ ನಡೆಯಲಿ. ಖಾತೆ ಜಂಟಿಯಾಗಿರಲಿ, ವಿಲ್ ಬರೆದು ನೋಂದಾಯಿಸಿ, ಬ್ಯಾಂಕು, ಪಿಂಚಣಿ, ಮೋಟರ್ ಸ್ವಿಚ್ಚು ಎಲ್ಲವೂ ಇಬ್ಬರಿಗೂ ಗೊತ್ತಿರಲಿ. ಇಬ್ಬರಲ್ಲಿ ಒಬ್ಬರೇ ಉಳಿಯುವ ಕಾಲ ಬಂದೇ ಬರುತ್ತದೆ. ಉಳಿದವರು ಯಾರ ಹಂಗೂ ಇಲ್ಲದೆ ಬಾಳುವಂತಿದ್ದರೆ ಆ ಮನೆ ನಿಜಕ್ಕೂ ಸಿದ್ಧವಾಯಿತೆಂದು ತಿಳಿಯಿರಿ.